ಹಳೆಯ ಫಾರ್ಗೋ ಲಾರಿಗೆ ವಿದ್ಯುತ್ ಬ್ರೇಕ್ ಬೂಸ್ಟರ್: ಮೊದಲು ಮಾಡಬೇಕಾದ ಕೆಲಸ ಯಾವುದು?

ಪ್ರಶ್ನೆ: ನಮ್ಮ ಮನೆಯಲ್ಲಿ ಅಜ್ಜನ ಕಾಲದ, 1954ರ ಮಾದರಿಯ ಫಾರ್ಗೋ ಪಿಕಪ್ ಲಾರಿ ಇದೆ. ಅಜ್ಜ ಇದರಲ್ಲಿ ಹಳ್ಳಿಗಳಿಂದ ಬೆಟಗೇರಿಯ ಜಿನ್ನಿಂಗ್ ಫ್ಯಾಕ್ಟರಿಗೆ ಹತ್ತಿ ಸಾಗಿಸುತ್ತಿದ್ದರು. ಮೂಲದ ಪೆಟ್ರೋಲ್ ಎಂಜಿನ್ ಕೆಟ್ಟಾಗ ನಮ್ಮ ತಂದೆಯವರು ಮಹೀಂದ್ರಾ ಜೀಪಿನ ಡೀಸೆಲ್ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಕೂಡಿಸಿದರು. ಬ್ರೇಕ್ ಮಾತ್ರ ಹಳೆಯದೇ ಇದೆ. ಪೆಡಲ್ ಎಷ್ಟು ಗಟ್ಟಿ ಎಂದರೆ ಸೀಟಿಗೆ ಬೆನ್ನು ಕೊಟ್ಟು ಒತ್ತಬೇಕು. ವಿದ್ಯುತ್ತಿನಿಂದ ನಡೆಯುವ ಬೂಸ್ಟರ್ ಹಾಕಿದರೆ ಕಾರಿನಂತೆ ನಿಲ್ಲುತ್ತದೆ ಎಂದು ಹುಬ್ಬಳ್ಳಿಯ ಮಿಸ್ತ್ರಿಯೊಬ್ಬರು ಹೇಳುತ್ತಾರೆ. ಅದರ ಜೊತೆಗೆ ಪವರ್ ಸ್ಟೇರಿಂಗ್, ಪವರ್ ವಿಂಡೋ, ಸೆಂಟ್ರಲ್ ಲಾಕ್ ಹಾಕಿಸಿ, ವಿಂಟೇಜ್ ನೋಂದಣಿಯನ್ನೂ ಮಾಡಿಸಿ, ದಸರೆಯ ನಂತರ ಮನೆಮಂದಿಯೆಲ್ಲ ಗೋಕರ್ಣಕ್ಕೆ ಹೋಗಿಬರಬೇಕೆಂಬ ಆಸೆಯಿದೆ. ದಯವಿಟ್ಟು ಸಲಹೆ ಕೊಡಿ.
— ಓದುಗರು, ಗದಗ

ಉತ್ತರ: ನೀವು ಕಳಿಸಿದ ಚಿತ್ರದಲ್ಲಿ ಬ್ರೇಕ್ ಪೆಡಲಿನ ರಬ್ಬರ್ ಪೂರ್ತಿ ಸವೆದು, ಒಳಗಿನ ಕಬ್ಬಿಣ ಬೆಳ್ಳಿಯ ನಾಣ್ಯದಂತೆ ಹೊಳೆಯುತ್ತಿದೆ. ಪಕ್ಕದ ಕ್ಲಚ್ ಪೆಡಲಿನ ರಬ್ಬರ್ ಅರ್ಧವಾದರೂ ಉಳಿದಿದೆ. ಈ ಗಾಡಿಯನ್ನು ನಿಲ್ಲಿಸಲು ಇಷ್ಟು ವರ್ಷ ಎಷ್ಟು ಬಲ ಹಾಕಿದ್ದಾರೆ ಎಂಬುದು ಅದರಲ್ಲೇ ತಿಳಿಯುತ್ತದೆ. ಬೂಸ್ಟರ್ ಹಾಕಿಸಬಹುದೇ ಎಂದು ಕೇಳಿದ್ದೀರಿ, ಖಂಡಿತ ಹಾಕಿಸಬಹುದು. ಆದರೆ ಈ ಗಾಡಿಯಲ್ಲಿ ಅದು ಮೂರನೆಯ ಕೆಲಸ. ಮೊದಲನೆಯದು ಚಕ್ರಗಳೊಳಗಿನ ಬ್ರೇಕ್, ಎರಡನೆಯದು ಬ್ಯಾಟರಿ, ಆಲ್ಟರ್ನೇಟರ್ (ಎಂಜಿನ್ನಿನಿಂದ ತಿರುಗಿ ಕರೆಂಟ್ ಕೊಡುವ ಯಂತ್ರ) ಮತ್ತು ತಂತಿಗಳು. ಇವೆರಡನ್ನೂ ಬಿಟ್ಟು ನೇರವಾಗಿ ಬೂಸ್ಟರಿಗೆ ಕೈಹಾಕಿದರೆ ಪೆಡಲ್ ಹಗುರವಾಗುತ್ತದೆ, ಗಾಡಿ ಮಾತ್ರ ಮೊದಲಿನಷ್ಟೇ ದೂರಕ್ಕೆ ಹೋಗಿ ನಿಲ್ಲುತ್ತದೆ. ಜೊತೆಗೆ ಹೊಸದೊಂದು ಅಪಾಯವೂ ಸೇರಿಕೊಳ್ಳುತ್ತದೆ.

ಬೂಸ್ಟರ್ ತಾನಾಗಿ ಚಕ್ರವನ್ನು ಹಿಡಿಯುವ ಸಾಧನವಲ್ಲ. ನಿಮ್ಮ ಕಾಲಿನ ಜೊತೆ ತಾನೂ ಒತ್ತುವ ಸಹಾಯಕ. ಲೆಕ್ಕ ಹಾಕಿ ನೋಡೋಣ. ನೀವು ಪೆಡಲಿನ ಮೇಲೆ 30 ಕೆ.ಜಿ. ಭಾರ ಹಾಕುತ್ತೀರಿ, ಪೆಡಲಿನ ಸನ್ನೆ ಅದನ್ನು ಆರು ಪಟ್ಟು ಮಾಡುತ್ತದೆ ಎಂದುಕೊಳ್ಳಿ. ಪೆಡಲಿನ ಒತ್ತನ್ನು ಬ್ರೇಕ್ ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ ಬೀಳುವುದು 180 ಕೆ.ಜಿ. ಸಿಲಿಂಡರಿನ ಒಳವ್ಯಾಸ ಒಂದು ಇಂಚು ಇದ್ದರೆ ಅದರ ವಿಸ್ತೀರ್ಣ ಸುಮಾರು 5 ಚದರ ಸೆಂ.ಮೀ.; ಆಗ ಪೈಪಿನೊಳಗಿನ ಆಯಿಲ್ ಒತ್ತಡ ಚದರ ಸೆಂಟಿಮೀಟರಿಗೆ 35 ಕೆ.ಜಿ.ಯ ಆಸುಪಾಸಿನಲ್ಲಿರುತ್ತದೆ. ಈಗ ನಡುವೆ ಒಂಬತ್ತು ಇಂಚಿನ ವ್ಯಾಕ್ಯೂಮ್ ಬೂಸ್ಟರ್ ಕೂಡಿಸಿ. ಅದರ ರಬ್ಬರ್ ಪರದೆಯ ವಿಸ್ತೀರ್ಣ ಸುಮಾರು 410 ಚದರ ಸೆಂ.ಮೀ. ಪರದೆಯ ಒಂದು ಬದಿಯಲ್ಲಿ ಹೊರಗಿನ ಗಾಳಿ, ಇನ್ನೊಂದು ಬದಿಯಲ್ಲಿ ಗಾಳಿ ಎಳೆದು ತೆಗೆದ ಜಾಗ. ಎರಡರ ನಡುವಿನ ವ್ಯತ್ಯಾಸ ಚದರ ಸೆಂಟಿಮೀಟರಿಗೆ 0.65 ಕೆ.ಜಿ. ಇದ್ದರೆ, ಸೋರಿಕೆ, ಘರ್ಷಣೆ ಎಲ್ಲ ಕಳೆದರೂ 250 ಕೆ.ಜಿ. ಹೆಚ್ಚುವರಿ ಬಲ ಸಿಗುತ್ತದೆ. ಆಯಿಲ್ ಒತ್ತಡ 35ರಿಂದ 85ಕ್ಕೆ ಏರುತ್ತದೆ. ಇದು ಕಡಿಮೆ ಲಾಭವಲ್ಲ. ಆದರೆ ಎಪ್ಪತ್ತು ವರ್ಷಗಳಲ್ಲಿ 85ರ ಒತ್ತಡವನ್ನು ಬಹುಶಃ ಒಮ್ಮೆಯೂ ಕಾಣದ ಪೈಪುಗಳು, ಹೋಸುಗಳು, ಚಕ್ರದೊಳಗೆ ಆ ಒತ್ತಡದಿಂದ ಬ್ರೇಕ್ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಕಪ್ಪುಗಳು ಇನ್ನು ಮುಂದೆ ಪ್ರತಿ ಸಲವೂ ಅದನ್ನು ತಡೆದುಕೊಳ್ಳಬೇಕು. ಅವುಗಳಲ್ಲಿ ಯಾವುದು ದುರ್ಬಲವೋ ಅದನ್ನು ಬೂಸ್ಟರ್ ಹುಡುಕಿ ಒಡೆಯುತ್ತದೆ, ಅದೂ ನೀವು ಜೋರಾಗಿ ಬ್ರೇಕ್ ಒತ್ತಿದ ಗಳಿಗೆಯಲ್ಲಿಯೇ.

ಆದ್ದರಿಂದ ಮೊದಲು ಚಕ್ರದ ಜೊತೆ ತಿರುಗುವ ನಾಲ್ಕೂ ಬ್ರೇಕ್ ಡ್ರಮ್ಮುಗಳನ್ನು ಬಿಚ್ಚಿಸಿ. ಬಿಚ್ಚುವಾಗ ನೀವೂ ಅಲ್ಲಿರಿ. ಡ್ರಮ್ ಹೊರಗೆ ಬಂದ ಕೂಡಲೇ ಕೆಲಸದ ಹುಡುಗರು ಏರ್ ಹೊಡೆದು ಧೂಳು ಹಾರಿಸುತ್ತಾರೆ. ಅದನ್ನು ತಡೆಯಿರಿ, ಏಕೆಂದರೆ ಡ್ರಮ್ಮನ್ನು ಒಳಗಿನಿಂದ ಹಿಡಿಯುವ ಶೂಗಳ ಮೇಲಿನ ಹಳೆಯ ಲೈನರುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಹೋದರೆ ಮತ್ತೆ ಹೊರಗೆ ಬರುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಲಿ, ಮೂಗಿಗೆ ಮಾಸ್ಕ್ ಇರಲಿ. ನಂತರ ಲೈನರಿನ ಮೇಲೆ ಬೆರಳಾಡಿಸಿ ನೋಡಿ. ಗಾಜಿನಂತೆ ನುಣುಪಾಗಿ ಹೊಳೆಯುತ್ತಿದ್ದರೆ ಅದು ಕಾದು ಕಾದು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿದೆ ಎಂದರ್ಥ. ಕಪ್ಪಗೆ ಜಿಡ್ಡಾಗಿದ್ದರೆ ಹಿಂದಿನ ಆಕ್ಸಲ್ಲಿನ ಆಯಿಲ್ ಸೀಲೋ ವೀಲ್ ಸಿಲಿಂಡರೋ ಸೋರುತ್ತಿದೆ. ವೀಲ್ ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಉಗುರಿನಿಂದ ಎತ್ತಿದಾಗ ಒಳಗಿನಿಂದ ಒಂದು ಹನಿ ಆಯಿಲ್ ಇಳಿದರೂ ಆ ಸಿಲಿಂಡರಿನ ಕಿಟ್ ಬದಲಿಸಬೇಕು. ಒಳಮೈಯಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಬರೀ ಕಿಟ್ ಹಾಕಿ ಪ್ರಯೋಜನವಿಲ್ಲ, ಲೇತಿನಲ್ಲಿ ಸ್ಲೀವ್ ಹಾಕಿಸಬೇಕು. ಡ್ರಮ್ಮಿನಲ್ಲಿ ಗೆರೆಗಳಿದ್ದರೆ ಲೇತಿಗೆ ಕೊಡಬಹುದು, ಆದರೆ ಮೂಲ ವ್ಯಾಸಕ್ಕಿಂತ ಒಂದೂವರೆ ಮಿ.ಮೀ.ಗಿಂತ ಹೆಚ್ಚು ದೊಡ್ಡದು ಮಾಡಿಸಬೇಡಿ. ತೆಳುವಾದ ಡ್ರಮ್ ಬೇಗ ಕಾಯುತ್ತದೆ, ಕಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಡ್ರಮ್ ದೊಡ್ಡದಾದ ಮೇಲೆ ಹೊಸ ಲೈನರನ್ನು ಅದರ ಬಾಗಿಗೆ ತಕ್ಕಂತೆ ಉಜ್ಜಿ ಕೂಡಿಸಬೇಕು. ಶೂ ನಡುವೆ ಮಾತ್ರ ತಾಗಿ ಎರಡು ತುದಿ ತಾಗದೇ ಹೋದರೆ ಅರ್ಧ ಬ್ರೇಕ್ ಇದ್ದೂ ಇಲ್ಲದಂತೆ. ಈ ಉಜ್ಜುವ ಕೆಲಸ ಬಲ್ಲ ಹಳೆಯ ಮಿಸ್ತ್ರಿಗಳು ನಮ್ಮ ಭಾಗದಲ್ಲಿ ಇನ್ನೂ ಇದ್ದಾರೆ. ಲಾರಿಯ ಊರಲ್ಲಿ ಅಷ್ಟಾದರೂ ಉಳಿಯಬೇಕಲ್ಲ, ವಿಜಯ ಸಂಕೇಶ್ವರರು 1976ರಲ್ಲಿ ಒಂದೇ ಲಾರಿಯಿಂದ ತಮ್ಮ ಸಾರಿಗೆ ವ್ಯವಹಾರ ಆರಂಭಿಸಿದ್ದು ನಿಮ್ಮ ಗದಗದಲ್ಲಿಯೇ.

ಇಷ್ಟು ಮಾಡಿ, ಹೊಸ ಆಯಿಲ್ ತುಂಬಿ, ನಾಲ್ಕೂ ಕಡೆ ಏರ್ ತೆಗೆಸಿ ಒಮ್ಮೆ ಓಡಿಸಿ ನೋಡಿ. ನನ್ನ ಅನುಭವದಲ್ಲಿ ಇಂಥ ಗಾಡಿಗಳನ್ನು ತಂದವರಲ್ಲಿ ಅರ್ಧದಷ್ಟು ಜನ ಈ ಹಂತದಲ್ಲಿಯೇ ಬೂಸ್ಟರಿನ ಮಾತು ಬಿಟ್ಟಿದ್ದಾರೆ. ಗಟ್ಟಿ ಪೆಡಲ್ ಎಂದು ಅವರು ದೂರುತ್ತಿದ್ದುದು ಹೊಳಪೇರಿದ ಲೈನರಿನ ದೋಷವಾಗಿತ್ತು.

ಇನ್ನು ಮಾಸ್ಟರ್ ಸಿಲಿಂಡರ್. ನಿಮ್ಮ ಗಾಡಿಯಲ್ಲಿ ಅದು ಕಾಲ ಕೆಳಗಿನ ಹಲಗೆಯ ಅಡಿಯಲ್ಲಿ, ಚಾಸಿಗೆ ಕೂಡಿಕೊಂಡಿದೆ ಮತ್ತು ಆ ಕಾಲದ ಪದ್ಧತಿಯಂತೆ ನಾಲ್ಕೂ ಚಕ್ರಗಳಿಗೆ ಒಂದೇ ದಾರಿ. ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಬ್ರೇಕ್ ಒಟ್ಟಿಗೆ ಹೋಗುತ್ತವೆ. ಒತ್ತಡವನ್ನು ಎರಡು ಪಟ್ಟಿಗೂ ಮೀರಿ ಹೆಚ್ಚಿಸುವ ಬೂಸ್ಟರನ್ನು ಇಂಥ ಒಂದೇ ದಾರಿಯ ವ್ಯವಸ್ಥೆಗೆ ಕೂಡಿಸುವುದನ್ನು ನಾನು ಒಪ್ಪುವುದಿಲ್ಲ. ಮುಂದಿನ ಎರಡು ಚಕ್ರಗಳಿಗೆ ಬೇರೆ, ಹಿಂದಿನ ಎರಡಕ್ಕೆ ಬೇರೆ ಕೋಣೆ ಇರುವ ಜೋಡಿ ಮಾಸ್ಟರ್ ಸಿಲಿಂಡರ್ ಮೊದಲು ಬರಲಿ. ಸಿಲಿಂಡರ್ ಚಕ್ರದ ಸಿಲಿಂಡರುಗಳಿಗಿಂತ ಕೆಳಗೆ ಅಥವಾ ಸಮಮಟ್ಟದಲ್ಲಿ ಕೂಡುವುದರಿಂದ ಆಯಿಲ್ ಹಿಂದಕ್ಕೆ ಹರಿದು ಬರದಂತೆ ತಡೆಯುವ ಚಿಕ್ಕ ವಾಲ್ವ್ ಬೇಕು. ಡ್ರಮ್ ಬ್ರೇಕಿಗೆ ಅದು 10 ಪಿ.ಎಸ್.ಐ. (ಚದರ ಇಂಚಿಗೆ ಪೌಂಡ್) ಒತ್ತಡ ಉಳಿಸಿಕೊಳ್ಳುವಂಥದ್ದು, ಡಿಸ್ಕಿಗೆ 2 ಪಿ.ಎಸ್.ಐ.ನದು. ಅದಲುಬದಲಾದರೆ ಡಿಸ್ಕ್ ಸದಾ ಉಜ್ಜುತ್ತ ಕಾಯುತ್ತದೆ, ಡ್ರಮ್ ಪೆಡಲ್ ಮೊದಲ ಒತ್ತಿಗೆ ಕೆಳಗಿಳಿಯುತ್ತದೆ. ಪೈಪುಗಳನ್ನು ಉಕ್ಕಿನವೇ ಹಾಕಿಸಿ, ತುದಿಗಳನ್ನು ಎರಡು ಮಡಿಕೆ ಮಾಡಿ ಅಗಲಿಸಿರಲಿ. ಬಾಗಿಸಲು ಸುಲಭವೆಂದು ಬರೀ ತಾಮ್ರದ ಪೈಪ್ ಹಾಕುವವರಿದ್ದಾರೆ; ಅದುರಿ ಅದುರಿ ತಾಮ್ರ ಗಡುಸಾಗಿ ಬಿರುಕು ಬಿಡುತ್ತದೆ. ಬ್ರೇಕ್ ಆಯಿಲ್ ಡಾಟ್ 3 ಸಾಕು, ಡಾಟ್ 4 ಇನ್ನೂ ಒಳ್ಳೆಯದು. ಹೊಸ ಡಾಟ್ 3 ಆಯಿಲ್ ಕುದಿಯುವುದು 205 ಡಿಗ್ರಿ ಸೆಲ್ಸಿಯಸ್ ಮೇಲೆ. ಗಾಳಿಯ ತೇವ ಹೀರಿಕೊಂಡ ನಂತರ ಆ ಮಿತಿ 140ರವರೆಗೆ ಇಳಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆನ್ನುವುದು ಇದಕ್ಕಾಗಿಯೇ.

ಮುಂದೆ ಹೋಗುವ ಮೊದಲು ಹ್ಯಾಂಡ್‌ಬ್ರೇಕ್ ಇದೆಯೋ ಇಲ್ಲವೋ ನೋಡಿ. ತಮಾಷೆಗೆ ಕೇಳುತ್ತಿಲ್ಲ. ಆ ಕಾಲದ ಫಾರ್ಗೋ, ಡಾಡ್ಜ್ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳಲ್ಲಿರದೆ ಗೇರ್‌ಬಾಕ್ಸಿನ ಬೆನ್ನಿಗೆ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಇರುತ್ತಿತ್ತು. ಗೇರ್‌ಬಾಕ್ಸ್ ಬದಲಿಸಿದಾಗ ಅದೂ ಹಳೆಯ ಗೇರ್‌ಬಾಕ್ಸಿನ ಜೊತೆ ಗುಜರಿಗೆ ಹೋಗಿರುವ ಸಾಧ್ಯತೆ ಬಹಳ. ಕಾಲಿನ ಬ್ರೇಕಿಗೆ ಸಂಬಂಧವಿಲ್ಲದ, ತಂತಿಯಿಂದಲೋ ಸರಳಿನಿಂದಲೋ ಎಳೆಯುವ ಇನ್ನೊಂದು ಬ್ರೇಕ್ ಇಲ್ಲದ ಗಾಡಿಗೆ ನಾನಂತೂ ಬೂಸ್ಟರ್ ಕೂಡಿಸುವುದಿಲ್ಲ.

ಈಗ ವಿದ್ಯುತ್ತಿನ ವಿಷಯಕ್ಕೆ ಬರೋಣ. ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿಯ ದಾರಿಗೆ ಅಡ್ಡವಾಗಿ ಥ್ರಾಟಲ್ ತಗಡು ಇರುವುದರಿಂದ ಅದರ ಆಚೆ ತಾನಾಗಿಯೇ ವ್ಯಾಕ್ಯೂಮ್ ಉಂಟಾಗುತ್ತದೆ. ಆರೋಗ್ಯವಂತ ಎಂಜಿನ್ ನಿಂತಲ್ಲೇ ಓಡುವಾಗ 18ರಿಂದ 21 ಇಂಚು ಪಾದರಸದಷ್ಟು. ಆ ಕಾಲದ ಎಷ್ಟೋ ಗಾಡಿಗಳಲ್ಲಿ ವೈಪರ್ ಕೂಡ ಇದರಿಂದಲೇ ಆಡುತ್ತಿತ್ತು. ಏರಿನಲ್ಲಿ ಆಕ್ಸಲರೇಟರ್ ಒತ್ತಿದರೆ ವೈಪರ್ ನಿದ್ದೆಗೆ ಜಾರುತ್ತಿದ್ದುದು ನಿಮ್ಮ ತಂದೆಯವರಿಗೆ ನೆನಪಿರಬಹುದು. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ಆ ತಗಡೇ ಇಲ್ಲ. ಗಾಳಿ ತಡೆಯಿಲ್ಲದೆ ಒಳಹೋಗುತ್ತದೆ, ವೇಗ ನಿಯಂತ್ರಣವಾಗುವುದು ಡೀಸೆಲಿನ ಪ್ರಮಾಣದಿಂದ. ಆದ್ದರಿಂದ ನಿಮ್ಮ ಗಾಡಿಯಲ್ಲಿ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮನ್ನು ಪಂಪಿನಿಂದಲೇ ತರಬೇಕು. ನಿಮ್ಮ ಮಿಸ್ತ್ರಿಯವರು ವಿದ್ಯುತ್ ಪಂಪಿನ ಮಾತೆತ್ತಿದ್ದು ಈ ಕಾರಣಕ್ಕೆ, ಅಷ್ಟರಮಟ್ಟಿಗೆ ಅವರ ಮಾತು ಸರಿ.

ವಿದ್ಯುತ್ ಬೂಸ್ಟರ್ ಎಂಬ ಹೆಸರಿನಲ್ಲಿ ಇಂದು ಮೂರು ಬಗೆಯ ಸಾಧನಗಳಿವೆ. ಬಾಷ್ ಕಂಪನಿ 2013ರಲ್ಲಿ ತಂದ ಐಬೂಸ್ಟರಿನಂಥವುಗಳಲ್ಲಿ ವ್ಯಾಕ್ಯೂಮ್ ಇರುವುದೇ ಇಲ್ಲ. ಪೆಡಲ್ ಎಷ್ಟು ಸರಿಯಿತೆಂದು ಸೆನ್ಸರ್ ಅಳೆಯುತ್ತದೆ, ಮೋಟಾರು ಗೇರುಗಳ ಮೂಲಕ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ. ವಿದ್ಯುತ್ ಕಾರುಗಳಿಗೆ ಅದು ಬಹಳ ಚೆಂದದ ಉಪಾಯ. ಒಡೆದ ಕಾರುಗಳಿಂದ ಅದನ್ನು ಬಿಚ್ಚಿ ಹಳೆಯ ಗಾಡಿಗೆ ಹಾಕುವವರೂ ಇದ್ದಾರೆ. ಆದರೆ ಅದರ ಗಣಕ ಆ ಕಾರಿನ ಉಳಿದ ಗಣಕಗಳೊಂದಿಗೆ ಮಾತಾಡುವಂತೆ ಮಾಡಿದ್ದು. ಒಂಟಿಯಾಗಿ ಬಿಟ್ಟಾಗ ತೊಂದರೆ ಬಂದರೆ ಯಾವ ಊರಿನಲ್ಲಿ ಯಾರು ಅದನ್ನು ಪರೀಕ್ಷಿಸುತ್ತಾರೆ? ಎರಡನೆಯದು ಮೋಟಾರಿನಿಂದ ಆಯಿಲ್ ಒತ್ತಡವನ್ನು ಸಂಗ್ರಹಿಸಿಟ್ಟುಕೊಳ್ಳುವ ಹೈಡ್ರಾಲಿಕ್ ಬಗೆ. ಅದು ಶಕ್ತಿಯುತ, ದುಬಾರಿ, ಬಿಡಿಭಾಗ ಸಿಗುವುದು ಕಷ್ಟ. ಮೂರನೆಯದು ಮಾಮೂಲಿ ವ್ಯಾಕ್ಯೂಮ್ ಬೂಸ್ಟರಿಗೆ ವಿದ್ಯುತ್ ಪಂಪ್ ಜೋಡಿಸುವುದು. ಗದಗದಲ್ಲಿ ಬಾಳಬಹುದಾದದ್ದು ಇದೊಂದೇ.

ಆದರೂ ಈ ಪಂಪ್ ಒಂದನ್ನೇ ನಂಬಬೇಡಿ ಎಂದು ಹೇಳಬೇಕಾಗಿದೆ. ಮಾರುಕಟ್ಟೆಯ ಬಹುಪಾಲು ವಿದ್ಯುತ್ ವ್ಯಾಕ್ಯೂಮ್ ಪಂಪುಗಳು ಎಂಜಿನ್ನಿಗೆ ನೆರವಾಗಿ ಆಗಾಗ ಓಡಲು ಮಾಡಿದವು, ದಿನವಿಡೀ ಓಡಲು ಅಲ್ಲ. ನಿಮಗೆ ಇದಕ್ಕಿಂತ ಸರಳ ದಾರಿಯಿದೆ. ನಮ್ಮಲ್ಲಿನ ಎಷ್ಟೋ ಡೀಸೆಲ್ ಜೀಪು, ಪಿಕಪ್, ಸುಮೋಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೇ ವ್ಯಾಕ್ಯೂಮ್ ಪಂಪ್ ಕೂಡಿರುತ್ತದೆ. ಬೆಲ್ಟ್ ತಿರುಗುವವರೆಗೆ ಕರೆಂಟೂ ಬರುತ್ತದೆ, ವ್ಯಾಕ್ಯೂಮೂ ಬರುತ್ತದೆ. ಅಂಥದ್ದನ್ನು ನಿಮ್ಮ ಜೀಪ್ ಎಂಜಿನ್ನಿಗೆ ಕೂಡಿಸಲು ಬ್ರಾಕೆಟ್ ಬೇಕು, ಪಂಪಿಗೆ ಎಂಜಿನ್ ಆಯಿಲ್ ಬರುವ ಸಣ್ಣ ಪೈಪ್ ಬೇಕು, ಆಯಿಲ್ ಮರಳಿ ಚೇಂಬರಿಗೆ ಇಳಿಯುವ ದೊಡ್ಡ ಪೈಪ್ ಬೇಕು. ಇಳಿಯುವ ಪೈಪ್ ಎಲ್ಲಿಯೂ ಮೇಲಕ್ಕೆ ಡೊಂಕಾಗಬಾರದು. ಇದನ್ನು ಮುಖ್ಯ ಪಂಪ್ ಮಾಡಿ, ವಿದ್ಯುತ್ ಪಂಪನ್ನು ಬೆಂಬಲಕ್ಕೆ ಇಟ್ಟುಕೊಳ್ಳಿ. ಘಟ್ಟದಲ್ಲಿ ಎಂಜಿನ್ ಬಂದ್ ಬಿದ್ದರೂ, ಬೆಲ್ಟ್ ಹರಿದರೂ ಆಗ ಬ್ಯಾಟರಿಯಿಂದ ಬೂಸ್ಟರ್ ನಡೆಯುತ್ತದೆ. ವಿದ್ಯುತ್ ಪಂಪಿನ ನಿಜವಾದ ಬೆಲೆ ಇರುವುದು ಇಲ್ಲಿ.

ಆಲ್ಟರ್ನೇಟರ್ ಹೇಗೂ ಬದಲಾಗಲೇಬೇಕು. ಈ ಫಾರ್ಗೋ ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಕಾರ್ಖಾನೆಯಿಂದ ಹೊರಬಂದಾಗ 6 ವೋಲ್ಟಿನದಾಗಿತ್ತು, ಬ್ಯಾಟರಿಯ ಪಾಸಿಟಿವ್ ತುದಿ ಚಾಸಿಗೆ ಕೂಡಿತ್ತು. ಡೀಸೆಲ್ ಎಂಜಿನ್ ಬಂದಾಗ 12 ವೋಲ್ಟ್ ಆಗಿದೆ, ಆದರೆ ಡ್ಯಾಶ್‌ಬೋರ್ಡಿನ ಹಿಂದೆ ಹತ್ತಿ ಬಟ್ಟೆ ಸುತ್ತಿದ ಮೂಲ ತಂತಿಗಳು ಇನ್ನೂ ಕಾಣುತ್ತಿವೆ. ಅವು ದಪ್ಪವಾಗಿಯೇ ಇರುತ್ತವೆ, ಏಕೆಂದರೆ 6 ವೋಲ್ಟಿನಲ್ಲಿ ಅದೇ ಬಲ್ಬಿಗೆ ಎರಡು ಪಟ್ಟು ಆಂಪಿಯರ್ ಹರಿಯಬೇಕು. ತೊಂದರೆ ಇರುವುದು ತಾಮ್ರದಲ್ಲಲ್ಲ, ಮುಟ್ಟಿದರೆ ಉದುರುವ ಹೊದಿಕೆಯಲ್ಲಿ. ಪೂರ್ತಿ ವೈರಿಂಗ್ ಹೊಸದು ಮಾಡಿಸಿ. ಹೆಡ್‌ಲೈಟಿಗೆ ಸುಮಾರು 9 ಆಂಪಿಯರ್, ಉಳಿದ ದೀಪಗಳಿಗೆ 3, ವೈಪರಿಗೆ 4ರಿಂದ 5, ಹಾರ್ನಿಗೆ ಒತ್ತಿದಾಗ 5ರಿಂದ 8, ವ್ಯಾಕ್ಯೂಮ್ ಪಂಪಿಗೆ ಓಡುವಾಗ 10ರಿಂದ 15, ಕಿಟಕಿಯ ಮೋಟಾರು ಒಂದೊಂದಕ್ಕೆ 5ರಿಂದ 10, ಅದು ಸಿಕ್ಕಿಕೊಂಡರೆ ಅದರ ಎರಡು ಪಟ್ಟು. ವಿದ್ಯುತ್ ಸ್ಟೇರಿಂಗ್ ನಿಂತಲ್ಲೇ ತಿರುಗಿಸುವಾಗ ಕ್ಷಣಕಾಲ 40ರಿಂದ 60 ಆಂಪಿಯರ್ ಎಳೆಯುತ್ತದೆ. ಇವೆಲ್ಲ ಒಂದೇ ಗಳಿಗೆಯಲ್ಲಿ ನಡೆಯುವುದಿಲ್ಲ ನಿಜ, ಆದರೆ ಮಳೆಗಾಲದ ಸಂಜೆ ಹುಬ್ಬಳ್ಳಿಯ ಚೆನ್ನಮ್ಮ ವೃತ್ತದಲ್ಲಿ ಸಿಕ್ಕಿಕೊಂಡಾಗ ಬಹುತೇಕ ನಡೆಯುತ್ತವೆ. ಮೇಲಾಗಿ ನಿಂತಲ್ಲೇ ಓಡುವ ಎಂಜಿನ್ನಿನಲ್ಲಿ ಆಲ್ಟರ್ನೇಟರ್ ತನ್ನ ಶಕ್ತಿಯ ಅರ್ಧವನ್ನೂ ಕೊಡದೆ ಇರಬಹುದು. 65ರಿಂದ 75 ಆಂಪಿಯರಿನದಕ್ಕಿಂತ ಕಡಿಮೆ ಹಾಕಿಸಬೇಡಿ.

ಪಂಪಿನ ವೈರಿಂಗ್ ಬಗ್ಗೆ ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಬಹಳ ವರ್ಷಗಳ ಹಿಂದೆ ಒಂದು ಹಳೆಯ ಡೀಸೆಲ್ ವ್ಯಾನಿಗೆ ಇಂಥದೇ ಪಂಪ್ ಕೂಡಿಸಿದ್ದೆ. ಹಳೆಯ ಫ್ಯೂಸ್ ಪೆಟ್ಟಿಗೆಯಲ್ಲಿ ಜಾಗವಿರಲಿಲ್ಲವೆಂದು ಪಂಪಿನ ರಿಲೇಗೆ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಚಾಲೂ ಮಾಡುವ ಸ್ವಿಚ್) ಹಾರ್ನಿನ ಫ್ಯೂಸಿನಿಂದಲೇ ಕರೆಂಟ್ ಕೊಟ್ಟೆ. ಕಲಘಟಗಿಯಿಂದ ಹುಬ್ಬಳ್ಳಿಗೆ ಬರುವಾಗ ಮುಂದೆ ಕಬ್ಬು ಹೇರಿದ ಜೋಡಿ ಟ್ರೇಲರಿನ ಟ್ರ್ಯಾಕ್ಟರ್ ಇತ್ತು. ಡ್ರೈವರ್ ಒಂದೇ ಸಮನೆ ಹಾರ್ನ್ ಒತ್ತಿದ, ಫ್ಯೂಸ್ ಹೋಯಿತು. ಹಾರ್ನ್ ನಿಂತದ್ದು ಅವನಿಗೆ ಗೊತ್ತಾಯಿತು, ಪಂಪ್ ನಿಂತದ್ದು ಗೊತ್ತಾಗಲಿಲ್ಲ. ಬೂಸ್ಟರಿನಲ್ಲಿ ಉಳಿದಿದ್ದ ವ್ಯಾಕ್ಯೂಮ್ ಎರಡು ಸಲದ ಬ್ರೇಕಿಗೆ ಸಾಕಾಯಿತು, ಮೂರನೆಯ ಸಲ ಪೆಡಲ್ ಕಲ್ಲಿನಂತಾಯಿತು. ಅವನು ಹ್ಯಾಂಡ್‌ಬ್ರೇಕ್ ಎಳೆದು ಗಾಡಿಯನ್ನು ಗೋವಿನಜೋಳದ ಹೊಲಕ್ಕೆ ಇಳಿಸಿದ್ದರಿಂದ ಯಾರಿಗೂ ಏನೂ ಆಗಲಿಲ್ಲ; ಹೊಲದವರಿಗೆ ನಷ್ಟ ಕಟ್ಟಿಕೊಟ್ಟೆ. ಅಂದಿನಿಂದ ಪಂಪಿಗೆ ಬ್ಯಾಟರಿಯಿಂದಲೇ ಬೇರೆ ತಂತಿ, ಬ್ಯಾಟರಿಯ ಹತ್ತಿರವೇ ಅದರದೇ ಫ್ಯೂಸ್, ಅದರದೇ ರಿಲೇ. ತಂತಿ 4 ಚದರ ಮಿ.ಮೀ.ಗಿಂತ ತೆಳ್ಳಗಿರಬಾರದು, ಅರ್ತ್ ತಂತಿಯನ್ನು ಬಣ್ಣ ಕೆರೆದ ಚಾಸಿಯ ಮೇಲೆ ಬಿಗಿಯಬೇಕು. ಇದಕ್ಕೆಲ್ಲ ಮಿಗಿಲಾಗಿ, ವ್ಯಾಕ್ಯೂಮ್ ಇಳಿದ ಕೂಡಲೇ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹೊತ್ತಿ ಬಜರ್ ಕೂಗುವಂತೆ ಬೇರೊಂದು ಸ್ವಿಚ್ ಹಾಕಿಸಿ. ಬೂಸ್ಟರಿಲ್ಲದ ಗಾಡಿಯ ಡ್ರೈವರಿಗೆ ತನ್ನ ಬ್ರೇಕ್ ಎಷ್ಟೆಂದು ಕಾಲಿಗೆ ಗೊತ್ತಿರುತ್ತದೆ. ಬೂಸ್ಟರಿಗೆ ಒಗ್ಗಿದ ಕಾಲಿಗೆ ಆ ಅರಿವು ಉಳಿದಿರುವುದಿಲ್ಲ.

ಪಂಪನ್ನು ಚಾಲೂ ಬಂದ್ ಮಾಡುವ ಸ್ವಿಚ್ಚಿನಲ್ಲಿ ನಮ್ಮ ಎತ್ತರದ ಪ್ರಶ್ನೆಯೊಂದಿದೆ. ಸಮುದ್ರ ಮಟ್ಟದಲ್ಲಿ ಪೂರ್ಣ ವ್ಯಾಕ್ಯೂಮ್ ಎಂದರೆ 30 ಇಂಚು ಪಾದರಸದ ಹತ್ತಿರ. ಸುಮಾರು 650 ಮೀಟರ್ ಎತ್ತರದ ಗದಗದಲ್ಲಿ ಗಾಳಿಯೇ ಹಗುರವಾದ್ದರಿಂದ 28 ಇಂಚೂ ಸಿಗುವುದು ಕಷ್ಟ, ಸಣ್ಣ ಪಂಪ್ ಅದರಲ್ಲೂ ಒಂದು ಭಾಗವನ್ನಷ್ಟೇ ಎಳೆಯುತ್ತದೆ. ಸ್ವಿಚ್ಚನ್ನು 25 ಇಂಚಿಗೆ ಬಂದ್ ಆಗುವಂತೆ ಕೂಡಿಸಿದ್ದರೆ ಪಂಪ್ ಅಲ್ಲಿಗೆ ಮುಟ್ಟಲಾರದೆ ಓಡುತ್ತಲೇ ಇದ್ದು ಸುಟ್ಟುಹೋಗಬಹುದು. 15ಕ್ಕೆ ಚಾಲೂ, 20ಕ್ಕೆ ಬಂದ್ ಎಂದು ಇಟ್ಟುಕೊಂಡರೆ ಸಾಕು. ನಡುವೆ 5ರಿಂದ 8 ಲೀಟರಿನ ಟ್ಯಾಂಕ್, ಅದಕ್ಕೆ ಒಂದೇ ಕಡೆಗೆ ತೆರೆಯುವ ವಾಲ್ವ್ ಇರಲಿ. ಹೋಸ್ ವ್ಯಾಕ್ಯೂಮಿಗೆಂದೇ ಮಾಡಿದ ದಪ್ಪ ಗೋಡೆಯದಾಗಿರಲಿ, ಡೀಸೆಲ್ ಪೈಪ್ ಹಾಕಿದರೆ ಬಿಸಿಗೆ ಮೆತ್ತಗಾಗಿ ಒಳಗೆ ಅಂಟಿಕೊಳ್ಳುತ್ತದೆ. ಪೆಡಲ್ ನೆಲದಿಂದ ಮೇಲೆ ಬರುವುದರಿಂದ ಬೂಸ್ಟರ್ ಚಾಸಿಯ ಪಕ್ಕದಲ್ಲಿ, ನೆಲಕ್ಕೆ ಹತ್ತಿರ ಕೂಡಬೇಕಾಗುತ್ತದೆ. ಮಳೆಯಲ್ಲಿ ಎರೆಮಣ್ಣು ಮೆತ್ತಿಕೊಳ್ಳುವ ಜಾಗ ಅದು. ಮೇಲೊಂದು ತಗಡಿನ ಮರೆ ಮಾಡಿಸಿ. ಬೂಸ್ಟರ್ ಹೊರಗಿನ ಗಾಳಿ ಎಳೆದುಕೊಳ್ಳುವ ಕಡೆ ಚಿಕ್ಕ ಫಿಲ್ಟರ್ ಇರುತ್ತದೆ. ಜಿನ್ನಿಂಗ್ ಫ್ಯಾಕ್ಟರಿಯ ಅಂಗಳದಲ್ಲಿ ನಿಲ್ಲುವ ಗಾಡಿಯಲ್ಲಿ ಹತ್ತಿಯ ಎಳೆ ತುಂಬಿ ಅದು ಕಟ್ಟಿಕೊಳ್ಳುವುದನ್ನು ನೋಡಿದ್ದೇನೆ.

ಪವರ್ ಸ್ಟೇರಿಂಗ್ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಗಾರೇಜುಗಳಲ್ಲಿ ಹಾಕುವುದು ಸಣ್ಣ ಕಾರಿನಿಂದ ಬಿಚ್ಚಿದ ವಿದ್ಯುತ್ ಕಾಲಮ್ಮನ್ನು. ಅದು ಆ ಕಾರಿನ ಮುಂದಿನ ಭಾರಕ್ಕೆ ಮಾಡಿದ್ದು. ನಿಮ್ಮ ಲಾರಿಗೆ ಕೂಡಿಸಬೇಕಾದರೆ ಸ್ಟೇರಿಂಗ್ ಶಾಫ್ಟನ್ನು ಕತ್ತರಿಸಿ ವೆಲ್ಡಿಂಗ್ ಮಾಡಬೇಕು; ಆ ವೆಲ್ಡಿಂಗ್ ಬಿಟ್ಟ ದಿನ ಬ್ರೇಕ್ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಕಿಂಗ್ ಪಿನ್ ಬುಶ್ ಬದಲಿಸಿ, ಗ್ರೀಸ್ ಹೊಡೆಸಿ, ಟೈ ರಾಡ್ ತುದಿಗಳನ್ನು ನೋಡಿ, ಸ್ಟೇರಿಂಗ್ ಬಾಕ್ಸಿಗೆ ಆಯಿಲ್ ತುಂಬಿಸಿ, ಟಾಯರುಗಳಿಗೆ ಸರಿಯಾದ ಗಾಳಿ ಹಾಕಿ, ಮುಂದಿನ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಆಮೇಲೂ ಭಾರವೆನಿಸಿದರೆ ಮತ್ತೆ ಬರೆಯಿರಿ.

ಕಿಟಕಿಗೆ ಕೈಯಿಂದ ತಿರುಗಿಸುವ ಹಿಡಿಯ ಜಾಗದಲ್ಲಿ ಕೂಡುವ ಮೋಟಾರ್ ಕಿಟ್ಟುಗಳು ಸಿಗುತ್ತವೆ. ಗಾಜು ಜಾರುವ ದಾರಿಯ ಉಣ್ಣೆ ಪಟ್ಟಿ, ರಬ್ಬರ್ ಮೊದಲು ಹೊಸದಾಗಲಿ, ಇಲ್ಲವಾದರೆ ಮೋಟಾರು ಗಾಜನ್ನಲ್ಲ, ಬಾಗಿಲನ್ನೇ ಎಳೆಯುತ್ತದೆ. ಸೆಂಟ್ರಲ್ ಲಾಕ್ ಎರಡು ಬಾಗಿಲಿಗೆ ಬೇಕೇ ಎಂಬುದು ನಿಮ್ಮ ಇಷ್ಟ.

ಕಾಯದೆಯ ವಿಷಯ. ಮೋಟಾರು ವಾಹನ ಕಾಯದೆ 1988ರ 52ನೆಯ ಕಲಮಿನ ಪ್ರಕಾರ ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಾವಣೆಗೆ ಅನುಮತಿ ಪಡೆದು ಆರ್.ಸಿ.ಯಲ್ಲಿ ಬರೆಸಬೇಕು. ನಿಮ್ಮ ಆರ್.ಸಿ.ಯಲ್ಲಿ ಡೀಸೆಲ್ ಎಂಜಿನ್ನಿನ ನಂಬರ್ ಏರಿದೆಯೇ ಎಂದು ಇಂದೇ ನೋಡಿ. 2021ರಲ್ಲಿ ಬಂದ ವಿಂಟೇಜ್ ನಿಯಮಗಳು ಐವತ್ತು ವರ್ಷ ದಾಟಿದ, ವಾಣಿಜ್ಯ ಬಳಕೆಗಲ್ಲದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆಯಿಲ್ಲದೆ ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ಅನ್ವಯಿಸುತ್ತವೆ. ಬೂಸ್ಟರಿಗಿಂತ ಮೊದಲೇ ಎಂಜಿನ್ ಬದಲಾವಣೆ ನಿಮ್ಮನ್ನು ಅದರಿಂದ ಹೊರಗಿಟ್ಟಿದೆ ಎಂದು ನನ್ನ ಭಾವನೆ. ಮೇಲಾಗಿ ವಿಂಟೇಜ್ ನೋಂದಣಿಯ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಕೆಲಸಕ್ಕೆ ಮುಂಗಡ ಕೊಡುವ ಮೊದಲು ಮಾಡಿಸಬೇಕೆಂದಿರುವ ಬದಲಾವಣೆಗಳನ್ನೆಲ್ಲ ಬರೆದು ಗದಗದ ಆರ್.ಟಿ.ಓ. ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಮನೆಮಂದಿಯೆಲ್ಲ ಎಂದು ಬರೆದಿದ್ದೀರಿ. ಕ್ಯಾಬಿನ್ನಿನಲ್ಲಿ ಕೂಡುವಷ್ಟು ಜನ ಮಾತ್ರ, ಹಿಂದಿನ ತೊಟ್ಟಿಯಲ್ಲಿ ಯಾರನ್ನೂ ಕೂಡಿಸಬೇಡಿ.

ಕೆಲಸ ಮುಗಿದ ಮೇಲೆ ಬೂಸ್ಟರನ್ನು ಮನೆಯ ಮುಂದೆಯೇ ಪರೀಕ್ಷಿಸಬಹುದು. ಎಂಜಿನ್ನನ್ನೂ ವಿದ್ಯುತ್ ಪಂಪನ್ನೂ ಬಂದ್ ಮಾಡಿ ಪೆಡಲ್ ಗಟ್ಟಿಯಾಗುವವರೆಗೆ ಒತ್ತಿ ಒತ್ತಿ ಬಿಡಿ. ಟ್ಯಾಂಕ್ ಇರುವುದರಿಂದ ಏಳೆಂಟು ಸಲ ಬೇಕಾಗಬಹುದು. ನಂತರ ಕಾಲನ್ನು ಒತ್ತಿ ಹಿಡಿದೇ ಎಂಜಿನ್ ಚಾಲೂ ಮಾಡಿ. ಪೆಡಲ್ ತಾನಾಗಿ ತುಸು ಕೆಳಗೆ ಸರಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಸರಿಯುತ್ತಲೇ ಹೋಗಿ ನೆಲ ಮುಟ್ಟಿದರೆ ದೋಷ ಬೂಸ್ಟರಿನದಲ್ಲ, ಆಯಿಲ್ ಎಲ್ಲೋ ಸೋರುತ್ತಿದೆ. ಆಮೇಲೆ ಒಂದು ತಿಂಗಳು ಗದಗ, ಅಣ್ಣಿಗೇರಿ, ಹುಬ್ಬಳ್ಳಿಯ ಸಮತಟ್ಟು ದಾರಿಯಲ್ಲಷ್ಟೇ ಓಡಿಸಿ. ಗೋಕರ್ಣಕ್ಕೆ ಹೋಗುವಾಗ ಯಲ್ಲಾಪುರ ದಾಟಿದರೆ ಅರಬೈಲ್ ಘಟ್ಟ. ಎರಡೂವರೆ ಟನ್ನಿನ ಗಾಡಿ 300 ಮೀಟರ್ ಎತ್ತರ ಇಳಿಯುವಾಗ ಹೊರಬೀಳುವ ಶಕ್ತಿ, ಅದೇ ಗಾಡಿಯನ್ನು ಗಂಟೆಗೆ 60 ಕಿ.ಮೀ. ವೇಗದಿಂದ ಇಪ್ಪತ್ತೊಂದು ಸಲ ನಿಲ್ಲಿಸಿದಾಗ ಡ್ರಮ್ಮುಗಳಿಗೆ ಬೀಳುವ ಬಿಸಿಗೆ ಸಮ. ಬೂಸ್ಟರ್ ಆ ಬಿಸಿಯನ್ನು ಎಳ್ಳಷ್ಟೂ ಕಡಿಮೆ ಮಾಡುವುದಿಲ್ಲ, ಅದನ್ನು ಎಂಜಿನ್ನೇ ಹೊರಬೇಕು; ಎರಡನೆಯ ಗೇರಿನಲ್ಲಿಯೇ ಇಳಿಯಿರಿ. ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ನಾಲ್ಕೂ ಡ್ರಮ್ಮುಗಳ ಹತ್ತಿರ ಅಂಗೈ ಹಿಡಿದು ನೋಡಿ. ನಾಲ್ಕೂ ಒಂದೇ ಸಮ ಬೆಚ್ಚಗಿದ್ದರೆ ಮುಂದುವರಿಯಿರಿ. ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಶೂ ಬಿಡದೆ ಹಿಡಿದುಕೊಂಡಿದೆ, ಒಂದು ಮಾತ್ರ ತಣ್ಣಗಿದ್ದರೆ ಅಲ್ಲಿ ಬ್ರೇಕೇ ಇಲ್ಲ. ಎರಡರಲ್ಲಿ ಯಾವುದೇ ಆದರೂ ಘಟ್ಟ ಇಳಿಯದೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಗೋಕರ್ಣಕ್ಕೆ ಬಸ್ಸಿನಲ್ಲಿ ಹೋಗಿ.